ಚುಟ್ಟಾದ ಪೆಟ್ಟಿಗೆ ಮತ್ತು ಮೈಲಾರೆಪ್ಪನ ಮೂಗು

ಹೆಣ್ಣು ನೋಡಲು ಅಗಡಿಗೆ ಹೋದ ದಿನ ಮೈಲಾರೆಪ್ಪ ಹೆಣ್ಣಿನ ಮುಖಕ್ಕಿಂತ ಮೊದಲು ಆ ಮನೆಯ ಬಾಗಿಲ ಚೌಕಟ್ಟಿಗೆ ಮೂಗು ಹಚ್ಚಿದ್ದ. ಉಪ್ಪಿಟ್ಟಿನ ತಟ್ಟೆ ಹಿಡಿದು ಒಳಗೆ ನಿಂತಿದ್ದ ಹುಡುಗಿ ಕಿಟಕಿಯ ಸಂದಿಯಿಂದ ಅದನ್ನು ಕಂಡು, ಈತನಿಗೆ ಏನಾದರೂ ಐಬು ಇರಬಹುದೆಂದು ಹೆದರಿದ್ದಳು. 'ಹೊನ್ನಿ ಕಟಿಗಿ ಅಲ್ಲೇನ್ರಿ ಇದು? ಎಂಥಾ ಚೊಲೋ ಮರಾ!' ಎಂದು ಅವನು ಹುಡುಗಿಯ ಅಪ್ಪನನ್ನು ಕೇಳಿದ್ದ. ಮದುವೆಯಾಗಿ ಮಗ ಕಿರಣಕುಮಾರ ಹುಟ್ಟಿ, ಅವನಿಗೂ ಮದುವೆಯಾದ ಮೇಲೂ ಆ ಹುಡುಗಿ, ಮಂಗಳವ್ವ, ಆ ಮಾತನ್ನು ಬಿಟ್ಟಿಲ್ಲ. 'ಇವ್ರು ನನ್ನ ನೋಡಿ ಎಲ್ಲಿ ಒಪ್ಪ್ಯಾರ? ನಮ್ಮ ತವರಮನಿ ಬಾಗಲಾ ನೋಡಿ ಒಪ್ಪ್ಯಾರ' ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ.

ಮೈಲಾರೆಪ್ಪನ ಕೆಲಸದ ಚಪ್ಪರ ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಎಡಕ್ಕೊಂದು ಮೆಣಸಿನಕಾಯಿ ಗೋದಾಮು, ಬಲಕ್ಕೊಂದು. ಚಳಿಗಾಲ ಬಂತೆಂದರೆ ಓಣಿಯ ಎರಡೂ ತುದಿಯಲ್ಲಿ ಚೀಲಗಳು ಮಾಳಿಗೆಯ ಎತ್ತರಕ್ಕೆ ಏರುತ್ತವೆ. ಅವುಗಳ ನಡುವೆ, ಕೆಂಪು ಗೋಡೆಗಳ ಮಧ್ಯೆ ಕುಳಿತಂತೆ ಕುಳಿತು ಅವನು ಬಾಗಿಲು, ಕಪಾಟು, ದೇವರ ಮಾಡ ಮಾಡುತ್ತಾನೆ. ಊರಿನವರು ಕಟ್ಟಿಗೆ ಕೊಳ್ಳುವ ಮೊದಲು ಒಂದು ತುಂಡನ್ನು ಅವನ ಮುಂದೆ ತಂದು ಹಿಡಿಯುವುದುಂಟು. ಅವನು ಉಳಿಯಿಂದ ಒಂದು ಎಸಳು ಎಬ್ಬಿಸಿ, ಅಂಗೈಯಲ್ಲಿ ಉಜ್ಜಿ ಮೂಸುತ್ತಾನೆ. ಸಾಗವಾನಿಗೆ ಎಣ್ಣೆ ಕುಡಿದ ಹಳೆಯ ಚರ್ಮದ ವಾಸನೆ, ಮಾವಿಗೆ ಹುಳಿಯಾಗುವ ಮುಂಚಿನ ಮೊಸರಿನದು, ಬೇವಿಗೆ ಕಹಿಯದೇ ಒಂದು ತಂಪು. 'ಕಣ್ಣಿಗೆ ಪಾಲಿಶ್ ಹಚ್ಚಾಕ ಬರತೈತಿ. ಮೂಗಿಗೆ ಹಚ್ಚಾಕ ಬರಂಗಿಲ್ಲ' ಎನ್ನುವುದು ಅವನ ಮಾತು. ಇಡೀ ಆಯುಷ್ಯದಲ್ಲಿ ಅವನು ಗರ್ವಪಟ್ಟ ಒಂದೇ ಸಂಗತಿ ಅದು.

ಈ ವರ್ಷ ಸಂಕ್ರಾಂತಿಯ ಮರುವಾರ ಹಾವೇರಿಯ ಅಣ್ಣಾಜಿಯವರು ಫೋನ್ ಮಾಡಿ ಕರೆಸಿದರು. ಅವರು ಸರಕು ಹಡಗುಗಳ ಇಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಬಂದವರು. ಬಾಗಿಲು ಬಿಗಿಯಾಗಿದೆ ಎಂಬುದು ನೆಪವಷ್ಟೇ ಎಂದು ಮೈಲಾರೆಪ್ಪನಿಗೆ ಹೋದ ಕೂಡಲೇ ತಿಳಿಯಿತು.

'ಬರ್ರಿ ಮೈಲಾರೆಪ್ಪ, ಕೂಡ್ರಿ. ಬಾಗಲಾ ಆಮ್ಯಾಲೆ ನೋಡೂಣು. ಮೊದಲ ಇದನ್ನ ನೋಡ್ರಿ' ಎಂದು ಅಣ್ಣಾಜಿ ಫ್ರಿಜ್ಜಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಒದ್ದೆ ಬಟ್ಟೆಯ ಪಕ್ಕ, ಹೆಬ್ಬೆರಳಿಗಿಂತ ದಪ್ಪನೆಯ ಕಂದು ಸುರುಳಿಗಳು ಮಲಗಿದ್ದವು.

'ಚುಟ್ಟಾ ಅಲ್ಲೇನ್ರಿ ಇವು?'

'ಚುಟ್ಟಾದ ದೊಡ್ಡಪ್ಪ ಅನ್ರಿ. ಸಿಗಾರ್.'

ಒಳಗಿನಿಂದ ಅವರ ಹೆಂಡತಿ ಅನಸೂಯಾಬಾಯಿಯ ದನಿ ಬಂತು. 'ಹಾಲು ಇಡ್ಲಿಕ್ಕೆ ಜಾಗಾ ಇಲ್ಲ, ಈ ಸುಡಗಾಡು ಎಲಿ ಸುರುಳಿಗೆ ಜಾಗಾ ಅದ. ಡಾಂಬರ ಗುಳಿಗಿ ಹಾಕಿ ಟ್ರಂಕಿನ್ಯಾಗ ಇಡತೇನಿ ಅಂದ್ರ ಬಾಯಿ ಮಾಡ್ತಾರ.'

'ಡಾಂಬರ ಗುಳಿಗಿ ಹಾಕಿದ್ರ ಮುಗದ ಹೋತು ಇವುಗಳ ಕಥಿ' ಎಂದು ಅಣ್ಣಾಜಿ ಹೇಳಿದರು. 'ಈ ಎಲಿ ಹೆಂಗಂದ್ರ, ಬಾಜೂಕ ಏನಿರತದ ಅದರ ವಾಸನಿ ಕುಡೀತದ.'

ಆಮೇಲೆ ಅವರು ಹೇಳಿದ್ದು ಇಷ್ಟು. ಕೊನೆಯ ಹಡಗಿನಿಂದ ಇಳಿಯುವಾಗ ಕಪ್ತಾನ ಕೊಟ್ಟ ಉಡುಗೊರೆ ಇದು. ಅರ್ಧ ಅಣ್ಣಾಜಿಯದು, ಅರ್ಧ ರಾಣೆಬೆನ್ನೂರಿನ ಅಲ್ಲಾವುದ್ದೀನನದು. ಇಬ್ಬರೂ ಒಂದೇ ಇಂಜಿನ್ ಕೋಣೆಯ ಬಿಸಿಯಲ್ಲಿ ಬೆಂದವರು. ಅಲ್ಲಾವುದ್ದೀನ ಇನ್ನೂ ನೀರಿನ ಮೇಲಿದ್ದಾನೆ. ಅವನೂ ಕಾಯಂ ಆಗಿ ನೆಲಕ್ಕೆ ಇಳಿದ ದಿನ ಜತೆಗೆ ಕುಳಿತು ಮೊದಲನೆಯದನ್ನು ಹಚ್ಚಬೇಕು, ಅಲ್ಲಿಯವರೆಗೆ ಇಬ್ಬರೂ ಮುಟ್ಟಬಾರದು ಎಂದು ಮಾತಾಗಿತ್ತು. ಈ ಬಕ್ರೀದ್‌ಗೆ ಅವನು ಬರುತ್ತಾನೆ. ಆದರೆ ಸಮುದ್ರದಲ್ಲಿ ಏನೂ ಆಗದ ಅವುಗಳ ಮರದ ಪೆಟ್ಟಿಗೆಗೆ ಹಾವೇರಿಯಲ್ಲಿ ಕುಟ್ಟೆ ಹುಳ ಬಿತ್ತು. ಅಂದಿನಿಂದ ಸುರುಳಿಗಳು ಈ ಡಬ್ಬಿಯಲ್ಲಿವೆ. ತುದಿಗಳು ಈಗಾಗಲೇ ಬಿರುಕು ಬಿಡತೊಡಗಿವೆ.

'ಒಣಗಿದ್ರ ಪುಡಿ. ಹಸಿ ಆದ್ರ ಬೂಷ್ಟು. ಒಳಗ ಎಂಥಾ ಕಟಿಗಿ ಹಾಸ್ತೀರಿ, ಅದು ಎಷ್ಟು ನೀರು ಕುಡದು ಎಷ್ಟು ಬಿಡತದ, ಅದರ ಮ್ಯಾಲೆ ಎಲ್ಲಾ ಅದ. ಪ್ಯಾಟಿಯಿಂದ ಒಂದು ಪೆಟಗಿ ತರಿಸಿದ್ದೆ. ಒಳಗ ಪ್ಲೈವುಡ್ಡು, ಅಂಟಿನ ನಾತ. ವಾಪಸ್ ಕಳಿಸಿದೆ.' ಅಣ್ಣಾಜಿ ಒಂದು ಸುರುಳಿಯನ್ನು ಕೂಸಿನ ಕೈ ಹಿಡಿದಂತೆ ಹಿಡಿದರು. 'ಇಷ್ಟು ವರ್ಷ ಕಾಯ್ದಾನ ಅಂವ. ಬಂದಾಗ ಪುಡಿ ತೋರಸ್ಲೇನು?'

ಮೈಲಾರೆಪ್ಪ ಹಳೆಯ ಪೆಟ್ಟಿಗೆಯ ಒಳಮೈಯಿಂದ ಮುರಿದ ಒಂದು ಚಕ್ಕೆಯನ್ನು ಎತ್ತಿಕೊಂಡು ಮೂಸಿದ. ಒಮ್ಮೆ ಮೂಸಿದವನು ಮತ್ತೊಮ್ಮೆ ಮೂಸಿದ. ಬೆಲ್ಲದ ಗಾಣದ ಕಡೆಯಿಂದ ಬಂದ ಗಾಳಿ, ಅದರಲ್ಲಿ ಎಲ್ಲೋ ಕರಿಮೆಣಸು, ಅದರಾಚೆ ಹೆಸರು ಗೊತ್ತಿರದ ಇನ್ನೇನೋ. ಈ ವಯಸ್ಸಿನಲ್ಲಿ ಅವನಿಗೆ ಗುರುತಿಲ್ಲದ ಒಂದು ಮರ ಎದುರಾಗಿತ್ತು.

'ನಾ ಮಾಡಿ ಕೊಡತೇನ್ರಿ. ಈ ಚಕ್ಕಿ ನಂಗ ಕೊಡ್ರಿ' ಎಂದ. ಬಾಗಿಲು ಸರಿಮಾಡುವುದು ಮರೆತೇ ಹೋಯಿತು. ಬಸ್ಸಿನಲ್ಲಿ ಅವನು ಅಂಗಿಯ ಜೇಬಿನಿಂದ ಆ ಚಕ್ಕೆಯನ್ನು ತೆಗೆದು ಮೂಸುವುದು, ಒಳಗಿಡುವುದು, ಮತ್ತೆ ತೆಗೆಯುವುದು ನೋಡಿ ಪಕ್ಕದವನು ಸ್ವಲ್ಪ ಸರಿದು ಕುಳಿತ.

ಸಿಗಾರನ್ನೇ ಪರೀಕ್ಷೆಗೆ ಇಡುವಂತಿರಲಿಲ್ಲ. ಹಾಗಾದರೆ ಯಾವ ಕಟ್ಟಿಗೆ ಏನು ಮಾಡುತ್ತದೆಂದು ತಿಳಿಯುವುದು ಹೇಗೆ? ದಾರಿ ತೋರಿದ್ದು ಅಡುಗೆಮನೆ. ಮಂಗಳವ್ವ ಒಮ್ಮೆ ಚಹಾಪುಡಿಯ ಪೊಟ್ಟಣವನ್ನು ಸಾಬೂನಿನ ಪಕ್ಕ ಇಟ್ಟು, ಇಡೀ ಮನೆಗೆ ಒಂದು ವಾರ ಸಾಬೂನಿನ ಚಹಾ ಕುಡಿಸಿದ್ದಳು. ಚಹಾಪುಡಿಯೂ ಎಲೆಯೇ. ಅದೂ ಪಕ್ಕದವರ ವಾಸನೆ ಕುಡಿಯುತ್ತದೆ. ಮೈಲಾರೆಪ್ಪ ಹೆಂಡತಿಯ ಸಣ್ಣ ಡಬ್ಬಿಗಳನ್ನೆಲ್ಲ ಒಟ್ಟುಮಾಡಿ, ಒಂದೊಂದರ ಒಳಮೈಗೆ ಒಂದೊಂದು ಕಟ್ಟಿಗೆಯ ತೆಳು ಹಲಗೆ ಕೂಡಿಸಿ, ಚಹಾಪುಡಿ ತುಂಬಿ ಮುಚ್ಚಿದ.

'ಸಾಸಿವಿ ಎಲ್ಲಿಡ್ಲಿ, ಜೀರಗಿ ಎಲ್ಲಿಡ್ಲಿ ನಾನು? ನಿಮ್ಮ ತಲಿ ಮ್ಯಾಲೆ ಇಡ್ಲೇನು?' ಎಂದಳು ಮಂಗಳವ್ವ.

'ತಲಿ ಬ್ಯಾಡ. ಅದಕ್ಕೂ ವಾಸನಿ ಹತ್ತತೈತಿ.'

ಸಾಗವಾನಿ, ಬೇವು, ಹೊನ್ನೆ, ಮಾವು ಚಪ್ಪರದಲ್ಲೇ ಇದ್ದವು. ಜೇಬಿನ ಚಕ್ಕೆಗೆ ಸಮೀಪದ ಮರ ಮಾತ್ರ ಇರಲಿಲ್ಲ. ಅದಕ್ಕಾಗಿ ರಾಣೆಬೆನ್ನೂರಿನ ಜಾಕೀರನ ಸಾಮಿಲ್ಲಿಗೆ ಹೋಗಿ, ಅಲ್ಲಿ ಒಟ್ಟಿದ್ದ ದಿಮ್ಮಿಗಳ ನಡುವೆ ಮೂಗು ಮುಂದಿಟ್ಟುಕೊಂಡು ಅಲೆದಾಡಿದ.

'ಕಾಕಾ, ಕಟಿಗಿ ಒಯ್ಯಾಕ ಬಂದೀರೋ ಮೂಸಾಕ ಬಂದೀರೋ?' ಎಂದು ಜಾಕೀರ್ ನಕ್ಕ. ಚಕ್ಕೆಯನ್ನು ನೋಡಿದ ಮೇಲೆ ಮೂಲೆಯಿಂದ ಒಂದು ಕೆಂಪು ಹಲಗೆ ಎಳೆದ. 'ಇದು ತೂನ್. ಹಾರ್ಮೋನಿಯಂ ಮಾಡಾವ್ರು ಒಯ್ತಾರ. ಹಳೇ ಮಂದಿ ಗಂಧಗಿರಿ ಅಂತಿದ್ರು.'

ಮೈಲಾರೆಪ್ಪ ಎಸಳು ಎಬ್ಬಿಸಿ ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಚಕ್ಕೆಯನ್ನು ಹಿಡಿದು ಮೂಸಿದ. ಒಂದೇ ಅಲ್ಲ. ಆದರೆ ಅಣ್ಣತಮ್ಮಂದಿರ ಮಕ್ಕಳ ಹಾಗೆ, ನಗುವಾಗ ಒಂದೇ ಥರ.

ಹೋಳಿ ಹುಣ್ಣಿಮೆಗೆ ಮುಂಚಿನ ಒಂದು ಭಾನುವಾರ ಡಬ್ಬಿಗಳು ತೆರೆದವು. ಮಂಗಳವ್ವ ಬೇರೆ ಬೇರೆ ಪಾತ್ರೆಯಲ್ಲಿ ಚಹಾ ಇಟ್ಟಳು. ಕಿರಣಕುಮಾರನೂ ಅವನ ಹೆಂಡತಿ ಸುಶ್ಮಿತಾಳೂ ನೆಲದ ಮೇಲೆ ಸಾಲಾಗಿ ಕುಳಿತರು. ಕಿರಣಕುಮಾರ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದ. ಸುಶ್ಮಿತಾ ಕರ್ಜಗಿಯ ಹುಡುಗಿ. ಮದುವೆಯಾಗಿ ಬ್ಯಾಡಗಿಗೆ ಬಂದು ವರ್ಷದ ಮೇಲೆ ಸ್ವಲ್ಪವೇ ಆಗಿತ್ತು.

ಬೇವಿನ ಚಹಾ ಬಾಯಿಗೆ ಬಿದ್ದದ್ದೇ ಮಂಗಳವ್ವ ಮುಖ ಕಿವುಚಿದಳು. 'ಯವ್ವಾ! ಯುಗಾದಿ ಮುಂಚೇನ ಬಂತಲ್ಲ.' ಹೊನ್ನೆಯದು ಕಾಡಿಗೆಯಷ್ಟು ಕಪ್ಪಾಗಿತ್ತು. 'ಇದನ್ನ ಸಕ್ಕರಿ ರೋಗದವ್ರಿಗೆ ಹಂಚ್ರಿ, ಪುಣ್ಯಾ ಬರತೈತಿ' ಎಂದ ಕಿರಣಕುಮಾರ. ಸಾಗವಾನಿಯದು ಚಪ್ಪಲಿ ಅಂಗಡಿಯನ್ನು ನೆನಪಿಗೆ ತಂದಿತು. ಮಾವಿನದಕ್ಕೆ ಹೇಳಿಕೊಳ್ಳುವ ಗುಣವೂ ಇರಲಿಲ್ಲ, ದೋಷವೂ ಇರಲಿಲ್ಲ. ತೂನಿನ ಚಹಾ ಕುಡಿದಾಗ ಮಾತ್ರ ಎಲ್ಲರ ಕಪ್ಪುಗಳೂ ತಳ ಕಂಡವು. ಮಂಗಳವ್ವ ಕಪ್ಪು ಮುಂದೆ ಚಾಚಿ, 'ಇನ್ನೊಂದೀಟು ಹಾಕ್ರಿ' ಎಂದಳು. ಮೈಲಾರೆಪ್ಪನಿಗೆ ಅಷ್ಟು ಸಾಕಿತ್ತು.

'ನಿಂಗ ಹೆಂಗ ಅನಸ್ತವಾ?' ಎಂದು ಸೊಸೆಯನ್ನೂ ಕೇಳಿದ.

ಸುಶ್ಮಿತಾ ಕಪ್ಪು ಕೆಳಗಿಟ್ಟಳು. 'ಕಡೀದು ಚೊಲೋ ಐತ್ರಿ ಮಾವಾರ. ಆದ್ರ... ಎಲ್ಲಾ ಚಾದಾಗೂ ಖಾರ ಐತಿ.'

ಮನೆ ನಕ್ಕಿತು. 'ಲಗ್ನ ಆಗಿ ಬಂದ ಹೊಸದಾಗ ಹಾಲಿನ್ಯಾಗೂ ಖಾರ ಐತಿ ಅಂತಿದ್ಲು ಇಕಿ' ಎಂದ ಕಿರಣಕುಮಾರ. 'ಕರ್ಜಗಿ ಮೂಗು, ಇನ್ನಾ ನಮ್ಮ ಊರಿಗೆ ಹೊಂದಿಲ್ಲ' ಎಂದಳು ಅತ್ತೆ. ಮೈಲಾರೆಪ್ಪನೂ ನಗುತ್ತ, 'ತಂಗಿ, ಮೂಗಿನ ಮಾತು ನಂಗ ಬಿಡು' ಎಂದ. ಸುಶ್ಮಿತಾ ಕಪ್ಪುಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ.

ಪೆಟ್ಟಿಗೆಯನ್ನು ಮೈಲಾರೆಪ್ಪ ದೇವರ ಮಾಡಕ್ಕೂ ಮಾಡದಷ್ಟು ನಿಷ್ಠೆಯಿಂದ ಮಾಡಿದ. ಹೊರಗೆ ಸಾಗವಾನಿ, ಒಳಗೆ ತೂನ್. ಅಂಟು ಮುಟ್ಟಲಿಲ್ಲ, ಹಲಗೆಯ ಮೂಲೆಗಳು ಹಲ್ಲಿಗೆ ಹಲ್ಲು ಕಚ್ಚಿ ಕೂಡುವಂತೆ ಕೊರೆದ. ಒಳಮೈಗೆ ಪಾಲಿಶ್ ಇಲ್ಲ, ಎಣ್ಣೆ ಇಲ್ಲ. ಹಲಗೆ ಕೀಸುವ ರಂದಾ ಹೊಡೆದ ನುಣುಪಷ್ಟೇ. ಮುಚ್ಚಳ ಬಿಟ್ಟರೆ ಉಸಿರು ಬಿಟ್ಟಂತೆ ಮೆಲ್ಲಗೆ ಕೂರುತ್ತಿತ್ತು. ಒಯ್ಯುವ ದಿನ ಕೊನೆಯ ಬಾರಿ ಮೂಗು ಒಳಗಿಟ್ಟು ನೋಡಿದ. ಬೆಲ್ಲ, ಗಾಳಿ, ಮರ.

ಹಾವೇರಿಯಲ್ಲಿ ಅಣ್ಣಾಜಿ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮೂಲೆಗಳನ್ನು ಸವರಿದರು. 'ಭಾಳ ಛಲೋ ಅದ' ಎಂದರು. ಮುಚ್ಚಳ ತೆರೆದು ಮುಖ ಬಗ್ಗಿಸಿದರು. ಅವರ ಹುಬ್ಬು ಗಂಟಿಕ್ಕಿತು. ಏನೋ ಹೇಳಲು ಬಾಯಿ ತೆರೆದವರು ಸೀನಿದರು. ತಡೆದುಕೊಂಡು ಮತ್ತೊಮ್ಮೆ ಸೀನಿದರು.

'ಒಗ್ಗರಣಿ ಯಾರು ಹಾಕಿದ್ರು?' ಎನ್ನುತ್ತ ಅನಸೂಯಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಬಂದರು. 'ಒಲಿ ಮ್ಯಾಲೆ ನಾ ಏನೂ ಇಟ್ಟಿಲ್ಲಲಾ.'

ಮೈಲಾರೆಪ್ಪ ಪೆಟ್ಟಿಗೆಯನ್ನು ಈಸಿಕೊಂಡು ಮೂಸಿದ. ಬೆಲ್ಲ, ಗಾಳಿ, ಮರ. 'ಏನೂ ಇಲ್ಲಲ್ರಿ' ಎಂದ. ತಾನು ತಂದಿದ್ದ ತೂನಿನ ಚಹಾಪುಡಿಯನ್ನು ಅವರ ಕೈಗೆ ಕೊಟ್ಟು, 'ಇದನ್ನ ಕುಡದ ನೋಡ್ರಿ. ಇದ ಕಟಿಗ್ಯಾಗ ಇಟ್ಟದ್ದು' ಎಂದು ಬೇಡಿಕೊಂಡ. ಅನಸೂಯಾಬಾಯಿ ಚಹಾ ಮಾಡಿ ಒಂದು ಗುಟುಕು ಕುಡಿದು ಗಂಡನ ಮುಖ ನೋಡಿದರು. ಆಮೇಲೆ ಬಹಳ ಮೆತ್ತಗೆ ಹೇಳಿದರು. 'ಮೈಲಾರೆಪ್ಪ, ಇದು ಮೆಣಸಿನಕಾಯಿ ಚಾ.'

ಅಣ್ಣಾಜಿ ಬೈಯಲಿಲ್ಲ. 'ಇರಲಿ ಬಿಡ್ರಿ, ಡಬ್ಬ್ಯಾಗ ಹೆಂಗೋ ಇರತಾವ' ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಮೈಲಾರೆಪ್ಪನಿಗೆ. ಡಬ್ಬಿಯನ್ನು ಮತ್ತೆ ಫ್ರಿಜ್ಜಿನಲ್ಲಿಡುವಾಗ ಅದರೊಳಗೆ ಒಣ ಎಲೆ ಸಣ್ಣಗೆ ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

ಹಿಂದಿರುಗುವ ಬಸ್ಸಿನಲ್ಲಿ ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಮೋಟೆಬೆನ್ನೂರು ದಾಟಿ ಬ್ಯಾಡಗಿ ಹತ್ತಿರವಾಗುತ್ತಿದ್ದಂತೆ ಮುಂದಿನ ಸೀಟಿನ ಹೆಂಗಸು ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು. ಯಾರೋ ಕೆಮ್ಮಿದರು. ಕಾಲೇಜಿನ ಹುಡುಗಿಯೊಬ್ಬಳು ಓಢಣಿಯನ್ನು ಮೂಗಿಗೆ ಸುತ್ತಿಕೊಂಡು, 'ಊರು ಬಂತು' ಎಂದು ನಕ್ಕಳು. ಪರವೂರಿನವರು ಹೀಗೆ ಮಾಡುವುದನ್ನು ಅವನು ಹುಟ್ಟಿದಂದಿನಿಂದ ನೋಡಿದ್ದ, ಊರವರೊಡನೆ ಸೇರಿ ನಕ್ಕಿದ್ದ. ಈ ಸಲ ನಗಲಿಲ್ಲ. ಕಿಟಕಿಯಿಂದ ಮುಖ ಹೊರಗೆ ಹಾಕಿ, ಎದೆ ತುಂಬುವಷ್ಟು ಗಾಳಿ ಎಳೆದುಕೊಂಡ. ಧೂಳಿತ್ತು, ಡೀಸೆಲ್ ಇತ್ತು, ದೂರದಲ್ಲೆಲ್ಲೋ ಭಜಿ ಕರಿಯುವ ಎಣ್ಣೆ ಇತ್ತು. ರಸ್ತೆಯ ಬದಿಯಲ್ಲಿ ಕಣ್ಣಿಗೆ ಕಾಣುವಷ್ಟು ದೂರ ಹಾಸಿದ್ದ ಕೆಂಪು ಮಾತ್ರ ಅವನ ಮೂಗಿಗೆ ಇರಲೇ ಇಲ್ಲ.

ಮನೆಗೆ ಬಂದು ಪೆಟ್ಟಿಗೆಯನ್ನು ನೇರ ಸೊಸೆಯ ಮುಂದೆ ಇಟ್ಟ. 'ಸುಶ್ಮಿತಾ, ಇದನ್ನ ನೋಡವಾ.'

ಅವಳು ಮೂಸಿ, ಅತ್ತೆಯ ಕಡೆ ಒಮ್ಮೆ ನೋಡಿದಳು.

'ಅಂಜಬ್ಯಾಡ. ಖಾರ ಐತೇನು?'

'ಈಗ ಇಲ್ರಿ' ಎಂದಳು. 'ಮೊನ್ನೆ ಚಾ ಕುಡಿಯೂ ಮುಂದ ಇತ್ತು. ಆವಾಗ ನಾ ತವರಮನಿಯಿಂದ ಬಂದು ಒಂದ ದಿನ ಆಗಿತ್ರಿ. ಹೋಗಿ ಬಂದಾಗೆಲ್ಲಾ ಹಂಗ. ಒಂದ್ಯಾಡ ದಿನ ಮೂಗು ಉರಿತೈತಿ, ಎಲ್ಲಾದ್ರಾಗೂ ಅದ ವಾಸನಿ. ಆಮ್ಯಾಲ ಹೋಗತೈತಿ. ವಾಸನಿ ಹೋಗಂಗಿಲ್ರಿ ಮಾವಾರ. ಮೂಗು ಹೋಗತೈತಿ.'

ಮೈಲಾರೆಪ್ಪ ಗೋಡೆಗೆ ಒರಗಿ ಕುಳಿತ. ಎರಡು ಗೋದಾಮುಗಳ ನಡುವೆ ಒಣಗಿದ ಹಲಗೆ, ಅದನ್ನು ಮೂಸಲು ಎರಡು ಗೋದಾಮುಗಳ ನಡುವೆ ಬೆಳೆದ ಮೂಗು. ಮನೆಯವರೆಲ್ಲ ಕೂಡಿ ರುಚಿ ನೋಡಿದ್ದರು, ಮನೆಯವರೆಲ್ಲ ಕೂಡಿ ತಪ್ಪಿದ್ದರು. ಸರಿ ಹೇಳಿದವಳು ಒಬ್ಬಳು, ಅವಳನ್ನು ನೋಡಿ ನಕ್ಕು ಒಳಗೆ ಕಳಿಸಿದ್ದರು.

'ಹಂಗಾರ ನಂಗೂ ತವರಮನಿ ಬೇಕು' ಎಂದ ಕೊನೆಗೆ. 'ನಂದ ಇಲ್ಲ. ನಿಂದ ಕೊಡತೀಯೇನವಾ?'

ಮಂಗಳವ್ವ ಕೇಳಿ ಹಣೆ ಬಡಿದುಕೊಂಡಳು. 'ಸೊಸಿ ತವರಮನ್ಯಾಗ ಮಾವ ಹೋಗಿ ವಸ್ತಿ ಮಾಡೂದು ಎಲ್ಲಾರ ಕೇಳೀರೇನು? ಮಂದಿ ಏನಂದಾರು?'

ಮಂದಿಗಿಂತ ಮೊದಲು ಹೆದರಿದವರು ಬೀಗರು. ಮುಂಜಾನೆಯ ಹೊತ್ತಿನಲ್ಲಿ ಮಾವ ಮುಂದೆ, ಬ್ಯಾಗು ಹಿಡಿದ ಸೊಸೆ ಹಿಂದೆ, ಹೇಳದೆ ಕೇಳದೆ ಕರ್ಜಗಿಯ ಅಂಗಳಕ್ಕೆ ಬಂದು ನಿಂತಾಗ ಸುಶ್ಮಿತಾಳ ಅಪ್ಪ ಕಲ್ಲೇಶನ ಮುಖ ಬಿಳಿಚಿತು. ಹಾಗೆ ಮಗಳನ್ನು ಕರೆತಂದು ಬಿಡುವ ಮಾವಂದಿರು ಯಾಕೆ ಬರುತ್ತಾರೆಂದು ಎಲ್ಲ ಊರಿಗೂ ಗೊತ್ತು. ಕಾಲಿಗೆ ನೀರು ಕೊಡುವುದನ್ನೂ ಮರೆತು ಅವನು ಕೈ ಜೋಡಿಸಿದ. 'ಬೀಗರ, ನಮ್ಮ ಹುಡುಗಿ ಏನಾರ ತಪ್ಪ ಮಾಡ್ಯಾಳೇನ್ರಿ? ಸಣ್ಣಾಕಿ, ಹೊಟ್ಟ್ಯಾಗ ಹಾಕ್ಕೋರಿ.'

'ತಪ್ಪು ಆಕೀದಲ್ರಿ. ನನ್ನ ಮೂಗಿಂದು' ಎಂದ ಮೈಲಾರೆಪ್ಪ.

ವಿಷಯ ತಿಳಿದ ಮೇಲೆ ಕಲ್ಲೇಶ ಕಟ್ಟೆಯ ಮೇಲೆ ಕುಸಿದು ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಊರಿಗೆ ಸುದ್ದಿಯೂ ಅಷ್ಟೇ ಬೇಗ ಹಬ್ಬಿತು. 'ಬ್ಯಾಡಗಿ ಬೀಗರು ಮೂಗು ತೊಳಕೊಳ್ಳಾಕ ಬಂದಾರಂತ' ಎಂದು ಬಾವಿಯ ಹತ್ತಿರ ಹೆಂಗಸರು ಆಡಿಕೊಂಡರು. ಮೈಲಾರೆಪ್ಪ ಕೇಳಿಯೂ ಕೇಳದವನಂತೆ ಇದ್ದ. ಹೊಲದ ಕಡೆ ತಿರುಗಾಡಿದ, ಮಜ್ಜಿಗೆ ಕುಡಿದ, ಬೆಳಿಗ್ಗೆ ಬೆಳಿಗ್ಗೆ ಮೂಗನ್ನು ಗಾಳಿಗೆ ಒಡ್ಡಿ ಕುಳಿತ. ಏನೂ ಆಗಲಿಲ್ಲ. ಜಾಕೀರನಿಂದ ಹೊಸ ತೂನ್ ಹಲಗೆ ನೇರ ಕರ್ಜಗಿಗೆ ಬಂದು ಬಾವಿಯ ಪಕ್ಕದ ಕಟ್ಟೆಯ ಮೇಲೆ, ಮರದ ನೆರಳಲ್ಲಿ ಒರಗಿತ್ತು. ಅವನು ಅದನ್ನು ಮುಟ್ಟಲಿಲ್ಲ. ತನ್ನ ಮೂಗು ತನಗೆ ಎಂದಾದರೂ ಮರಳುವುದೋ ಇಲ್ಲವೋ ತಿಳಿಯದೆ, ಬಕ್ರೀದ್ ಮಾತ್ರ ಹತ್ತಿರವಾಗುತ್ತಿತ್ತು.

ಒಂದು ಬೆಳಿಗ್ಗೆ ಮುಖ ತೊಳೆದು, ಬಂದ ದಿನದಿಂದ ಮಡಚಿಯೇ ಇದ್ದ ಟವೆಲ್ಲನ್ನು ಚೀಲದಿಂದ ತೆಗೆದು ಮುಖಕ್ಕೆ ಒತ್ತಿಕೊಂಡ. ಯಾರೋ ಹಿಂದೆ ನಿಂತು ಏನೋ ಹುರಿಯುತ್ತಿದ್ದಾರೆ ಎನ್ನಿಸಿ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮತ್ತೆ ಟವೆಲ್ಲನ್ನು ಮುಖದ ಹತ್ತಿರ ತಂದ. ಬಿಸಿಯಾದ, ಕೆಂಪಗಿನ, ತುದಿಯಲ್ಲಿ ಒಣದ್ರಾಕ್ಷಿಯಂತೆ ಸಿಹಿಯಾದ ಒಂದು ವಾಸನೆ. ಅದು ಅವನ ಮೂಗಿನೊಳಗೆ ಹೊಸಬರಂತೆ ಕಾಲಿಟ್ಟು, ಕಣ್ಣಿನವರೆಗೆ ಏರಿತು.

ಇದಾ? ಅವನು ಟವೆಲ್ ಹಿಡಿದೇ ನಿಂತ. ಅವ್ವನ ಸೀರೆ ಹೀಗೆಯೇ ಇದ್ದಿರಬೇಕು. ಅಪ್ಪ ಹೆಗಲ ಮೇಲೆ ಕೂರಿಸಿಕೊಂಡಾಗ ಅವನ ಕೂದಲು ಹೀಗೆಯೇ. ಅಗಡಿಯಿಂದ ಹೊಸದಾಗಿ ಬಂದ ಮಂಗಳವ್ವ ಮೊದಲ ತಿಂಗಳು ಸೆರಗು ಮೂಗಿಗೆ ಹಿಡಿದದ್ದು ನಾಚಿಕೆಗೆ ಎಂದು ಅವನು ಅಂದುಕೊಂಡಿದ್ದ. ಲೋಕದ ಮರಗಳನ್ನೆಲ್ಲ ಮೂಸಿದವನಿಗೆ ಸ್ವಂತ ಊರಿನ ವಾಸನೆ ಸಿಗಲು ಬೀಗರ ಬಾವಿಕಟ್ಟೆಗೆ ಬರಬೇಕಾಯಿತು.

ಅವನು ಸೀನಿದ.

ಅಂಗಳ ಗುಡಿಸುತ್ತಿದ್ದ ಸುಶ್ಮಿತಾ ಕಸಬರಿಗೆ ಕೆಳಗಿಟ್ಟು ಓಡಿಬಂದಳು. 'ಸಿಕ್ತೇನ್ರಿ ಮಾವಾರ?'

'ಸಿಕ್ತವಾ' ಎಂದ. 'ಯವ್ವಾ, ಇದರಾಗ ಹೆಂಗ ಇದ್ದೀ ನೀನು ಒಂದ ವರ್ಷದ ತನಕ?'

ಅವಳು ನಕ್ಕಳು. ಆ ನಗುವಿನಲ್ಲಿ ಹೋಳಿ ಹುಣ್ಣಿಮೆಗೆ ಮುಂಚಿನ ಆ ಭಾನುವಾರ ಸ್ವಲ್ಪ ಹಗುರಾಯಿತು.

ಇನ್ನು ತಡಮಾಡುವಂತಿರಲಿಲ್ಲ. ತನ್ನ ರಂದಾದ ಹಿಡಿಕೆ ಮೂಸಿದ, ಬೆವರು, ಮೆಣಸಿನಕಾಯಿ. ಗರಗಸದ್ದೂ ಅದೇ. ಹೀಗಾಗಿ ಊರಿನ ಬಡಿಗ ಮಾಲತೇಶಪ್ಪನ ಬಳಿ ಉಪಕರಣ ಕೇಳಲು ಹೋದ. ಬಡಿಗನಾದವನು ತನ್ನ ರಂದಾವನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ. ಮಾಲತೇಶಪ್ಪ ಮೈಲಾರೆಪ್ಪನ ರಂದಾವನ್ನು ಮೂಗಿನ ಹತ್ತಿರ ಹಿಡಿದು ನೋಡಿ, 'ಇದರಾಗ ಬಾಗಲಾ ಮಾಡ್ತೀರೋ ಸಾರು ಮಾಡ್ತೀರೋ?' ಎಂದು ತನ್ನದನ್ನು ಕೊಟ್ಟ. ಮೈಲಾರೆಪ್ಪ ಬಾವಿಕಟ್ಟೆಯ ಮೇಲೆ ಕುಳಿತು ಎರಡನೆಯ ಪೆಟ್ಟಿಗೆ ಮಾಡಿದ. ಒಂದೊಂದು ಹಲಗೆಯನ್ನೂ ಕೂಡಿಸುವ ಮೊದಲು ಸುಶ್ಮಿತಾಳ ಕೈಗೆ ಕೊಟ್ಟ. ಅವಳು ಮೂಸಿ ತಲೆಯಾಡಿಸಿದರೆ ಮಾತ್ರ ಉಳಿ ಎತ್ತಿದ. ಒಂದು ಹಲಗೆಗೆ ಅವಳು ತಲೆಯಾಡಿಸಲಿಲ್ಲ. ಅದನ್ನು ಯಾರೋ ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದರು. ಅವನು ಏಕೆಂದು ಕೇಳದೆ ಬದಿಗಿಟ್ಟ.

ಪೆಟ್ಟಿಗೆ ಕರ್ಜಗಿಯಿಂದ ನೇರ ಹಾವೇರಿಗೆ ಹೋಯಿತು. ಅನಸೂಯಾಬಾಯಿ ಮೂಸಿ, ಇನ್ನೊಮ್ಮೆ ಮೂಸಿ, 'ಇದರಾಗ ನನ್ನ ರೇಶ್ಮಿ ಸೀರಿನೂ ಇಡಬಹುದಲಾ' ಎಂದರು. ಅಣ್ಣಾಜಿ ಸುರುಳಿಗಳನ್ನು ಒಂದೊಂದಾಗಿ ಒಳಗೆ ಮಲಗಿಸಿ, ಮೂಲೆಯಲ್ಲಿ ಒದ್ದೆ ಸ್ಪಂಜಿನ ಸಣ್ಣ ಬಟ್ಟಲಿಟ್ಟು ಮುಚ್ಚಳ ಹಾಕಿದರು. ಇನ್ನು ಮರಕ್ಕೂ ಎಲೆಗೂ ಬಿಟ್ಟದ್ದು. ಮೊದಲನೆಯ ಪೆಟ್ಟಿಗೆಯನ್ನು ಮಂಗಳವ್ವ ಖಾರದ ಪುಡಿ ಇಡಲು ತೆಗೆದುಕೊಂಡಳು. 'ಅದಕ್ಕಂತ ಮಾಡಿದಂಗ ಐತಿ' ಎನ್ನುತ್ತಾಳೆ.

ಬಕ್ರೀದ್ ಮುಗಿದ ಮೂರನೆಯ ದಿನ ಅಣ್ಣಾಜಿಯ ಫೋನ್ ಬಂತು. ಅಲ್ಲಾವುದ್ದೀನ ಬಂದಿದ್ದಾನೆ, ಪೆಟ್ಟಿಗೆ ಮಾಡಿದವರು ಇಲ್ಲದೆ ತೆರೆಯುವುದಿಲ್ಲ. ಅಷ್ಟರಲ್ಲಿ ಮೈಲಾರೆಪ್ಪನ ಮೂಗು ಮತ್ತೆ ಊರಿನದಾಗಿತ್ತು. ಚಿಕ್ಕಪ್ಪನ ಮಗಳ ಮದುವೆಗೆಂದು ಕರ್ಜಗಿಗೆ ಹೋಗಿದ್ದ ಸುಶ್ಮಿತಾಳಿಗೆ ಫೋನ್ ಮಾಡಿ, ಹಾವೇರಿ ಬಸ್‌ಸ್ಟ್ಯಾಂಡಿಗೆ ಬಂದು ಸೇರಲು ಹೇಳಿದ. 'ನಂದ ನಂಬಾಂಗಿಲ್ಲ. ನಿಂದ ತಗೊಂಡ ಬಾ' ಎಂದ.

ಅಲ್ಲಾವುದ್ದೀನ ದೊಡ್ಡ ದನಿಯ ಮನುಷ್ಯ. ರಾಣೆಬೆನ್ನೂರಿನಿಂದ ಮಾವಿನ ಹಣ್ಣಿನ ಬುಟ್ಟಿ ತಂದಿದ್ದ. ಇಂಜಿನ್ನಿನ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ, ಎದುರಿಗೆ ಕುಳಿತವರನ್ನೂ ಕೂಗಿಯೇ ಮಾತಾಡಿಸುತ್ತಿದ್ದ. ಪೆಟ್ಟಿಗೆ ತೆರೆದಾಗ ಮುಂದಕ್ಕೆ ಬಗ್ಗಿದ. ಸುರುಳಿಗಳು ಎಣ್ಣೆ ಸವರಿದಂತೆ ಮಿನುಗುತ್ತಿದ್ದವು. ಒಂದನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದ. ಅದು ಬಗ್ಗಿತು, ಮುರಿಯಲಿಲ್ಲ.

ಅಣ್ಣಾಜಿ ಕಡ್ಡಿ ಗೀರಿದರು. ಒಂದೇ ಬೆಂಕಿಯಲ್ಲಿ ಇಬ್ಬರೂ ಹಚ್ಚಿಕೊಂಡರು. ಎಳೆದರು. ಮರುಗಳಿಗೆಗೆ ಇಬ್ಬರೂ ಕೆಮ್ಮತೊಡಗಿದರು. ಅಲ್ಲಾವುದ್ದೀನನ ಕಣ್ಣಲ್ಲಿ ನೀರು, ಅಣ್ಣಾಜಿ ಎದೆ ಹಿಡಿದುಕೊಂಡಿದ್ದರು.

ಮೈಲಾರೆಪ್ಪ ಧಡಕ್ಕನೆ ಎದ್ದು ನಿಂತ. 'ಖಾರ ಐತೇನ್ರಿ?' ಅವರಿಗೆ ಉತ್ತರಿಸಲು ಉಸಿರಿರಲಿಲ್ಲ. ಅವನು ಸೊಸೆಯ ಕಡೆ ತಿರುಗಿದ. ಸುಶ್ಮಿತಾ ಪೆಟ್ಟಿಗೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

'ಇಲ್ರಿ ಮಾವಾರ. ಬರೇ ಹೊಗಿ.'

'ಹೊಗೀನ!' ಎಂದು ಅಲ್ಲಾವುದ್ದೀನ ಕೆಮ್ಮಿನ ನಡುವೆಯೇ ಕೂಗಿದ. 'ಕಾಯ್ದು ಕಾಯ್ದು ಸೇದೂದ ಮರತೇವಲೇ ಅಣ್ಣಾಜಿ!'

'ಮರತ್ರ ಛಲೋನ ಆತು. ಒಂದ ಸಾಕು' ಎಂದು ಅನಸೂಯಾಬಾಯಿ ಮಾವಿನ ಹಣ್ಣು ಹೆಚ್ಚಿ ತಂದಿಟ್ಟರು. ಆದರೂ ಇಬ್ಬರೂ ಮೆಲ್ಲಗೆ, ಮಕ್ಕಳು ನಡೆಯಲು ಕಲಿಯುವಂತೆ, ಮತ್ತೊಮ್ಮೆ ಎಳೆದರು. ಅಲ್ಲಾವುದ್ದೀನ ಕಣ್ಣು ಮುಚ್ಚಿ, ಮೊದಲ ಬಾರಿಗೆ ತಗ್ಗಿದ ದನಿಯಲ್ಲಿ, 'ಅದ ಐತಲೇ. ಹಂಗ ಐತಿ' ಎಂದ. ಅಣ್ಣಾಜಿ ಪೆಟ್ಟಿಗೆಯ ಮುಚ್ಚಳ ಹಾಕಿದರು. ಅದು ಉಸಿರು ಬಿಟ್ಟಂತೆ ಕೂತಿತು.

ಸಂಜೆಯ ಬಸ್ಸಿನಲ್ಲಿ ಮಾವ ಸೊಸೆ ಬ್ಯಾಡಗಿಗೆ ಹೊರಟರು. ಮೋಟೆಬೆನ್ನೂರು ದಾಟಿದ ಮೇಲೆ ಮೈಲಾರೆಪ್ಪ ಕಣ್ಣು ಮುಚ್ಚಿ, ಮೂಗನ್ನು ಕಿಟಕಿಗೆ ಒಡ್ಡಿ ಕುಳಿತ. ಬಾವಿಕಟ್ಟೆಯ ಆ ಬೆಳಗು ಇನ್ನೊಮ್ಮೆ ಬರುವುದೇನೋ ಎಂದು ಕಾದ. ಧೂಳಿತ್ತು, ಡೀಸೆಲ್ ಇತ್ತು. ಪಕ್ಕದಲ್ಲಿ ಸುಶ್ಮಿತಾ ಸೀನಿದಳು.

'ಬಂತೇನವಾ ಊರು?' ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದ.

'ಬಂತ್ರಿ ಮಾವಾರ.'

'ಹೆಂಗೈತಿ, ಹೇಳು.'

ಅವಳು ಸೆರಗನ್ನು ಮೂಗಿನಿಂದ ಸರಿಸಿ, ಅವನಿಗಾಗಿ ಇನ್ನೊಮ್ಮೆ ಉಸಿರೆಳೆದುಕೊಂಡಳು.